ಸಣ್ಣ ಸ್ಪೀಕರಿಗೆ ಬೇಸ್ ಯಾಕ್ ತುರುಕ್ತೀರಿ? (ಭಾಗ 3)

ಆಳಂದ–ಕಲಬುರಗಿ ಕ್ರೂಸರ್‌ನಾಗ ದಿನಾ ಕುಂದ್ರೋರಿಗೆ ಈ ಸದ್ದು ಗೊತ್ತದ. ಹಾಡಲ್ಲ, ಕರ್‌ಕರ್. ನಮ್ಮಪ್ಪನ ಗಾಡಿಯಾಗೂ ಸ್ಪೀಕರ್ ಹರಿದವು. ಅಂಗಡಿಯವ, "ದೊಡ್ಡ ಆಂಪ್ಲಿಫೈಯರ್ ಹಾಕ್ಸ್ರಿ" ಅಂದ. ಹಾಕ್ಸಿದ್ವಿ. ಹೊಸ ಜೋಡಿನೂ ಹರೀತು!

ತಪ್ಪು ಸ್ಪೀಕರಿಂದಲ್ಲ ದೋಸ್ತ್, ನಮ್ದು. ಬೇಸ್ ಕೊಡಬೇಕಂದ್ರ ಕೋನ್ ಹಿಂದ-ಮುಂದ ಭಾಳ ಓಡಬೇಕು. ನಾಲ್ಕಿಂಚಿನ ಸ್ಪೀಕರಿಗೆ ಅಷ್ಟು ಜಾಗ ಎಲ್ಲದ? ಬೇಸ್ ಅದರತ್ರ ಹೋಗದಂಗ ತಡೀರಿ. ಪ್ಲಸ್ ವೈರ್ ಕತ್ತರಿಸಿ ನಡುವ ಒಂದು 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಸ್ರಿ. 4 ಓಮ್ ಸ್ಪೀಕರಿಗೆ ಸುಮಾರು 180 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಇಳ್ಕೋತ ಹೋಗ್ತದ. 8 ಓಮ್ ಇದ್ರ 110 ಸಾಕು. ನಾನ್-ಪೋಲಾರ್ ಅಂತನೇ ಕೇಳಿ ತಗೋರಿ. ಪ್ಲಸ್-ಮೈನಸ್ ಗುರುತಿಂದು ಹಾಕಿದ್ರ ಉಬ್ಬಿ ಕೆಡ್ತದ.

"ಬೇಸ್ ಇಲ್ದ ಅದೇನ್ ಡಿಜೆ ಹಾಡಲೇ?" ಅಂತ ಅಫಜಲಪುರದ ಗೆಳೆಯ ಬರದಾನ. ಲೇ, ನೀ ಈಗ ಕೇಳೋದು ಬೇಸ್ ಅಲ್ಲ, ಕೋನ್ ಹರಿಯೋ ಸದ್ದು. ಬೇಸ್ ಬೇಕಿದ್ರ ಬ್ಯಾರೆ ವೂಫರ್ ಇಡು.

ನಾ ಬಿಕಾಂ ಹುಡುಗ, ಖರ್ಚಿನ ಲೆಕ್ಕ ಹೇಳ್ತೀನಿ: ಹರಿದ ಸ್ಪೀಕರಿಗೆ ಅಪ್ಪನ ಎರಡು ದಿನದ ಗಳಿಕೆ ಹೋಯ್ತು. ಜೇವರ್ಗಿಯಾಗ ರೇಡಿಯೋ ರಿಪೇರಿ ಕಾಕಾ ಕೆಪಾಸಿಟರ್ ಕೊಟ್ಟಿದ್ದು ಎರಡು ಪ್ಲೇಟ್ ಸುಸಲಾ ರೊಕ್ಕಕ್ಕ. ದೀಪಾವಳಿಯಿಂದ ಅದೇ ಜೋಡಿ ಹಾಡ್ಲಾಕತ್ತದ.