ರುಜು ಇದೆ, ರುಜುವಾತೂ ಇದೆ, ಹಾಡೆಲ್ಲಿ?

ಕಂಟ್ರಿ ಹಾಡುಗಾರರ ಸಹಿ ಇರುವ ಗಿಟಾರುಗಳನ್ನು ಕೊಂಡು ಗೋಡೆಗೆ ನೇತುಹಾಕುವ ಚಟ ಪೊವೇಯ ನಮ್ಮವರಿಗೂ ಅಂಟಿದೆ. ನಾನು ಇದರ ಕಟ್ಟಾ ವಿರೋಧಿ. ಹಾಗೆಂದು ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಸ್ಯಾನ್ ಡಿಯೇಗೊ ಪಕ್ಕದ ಈ ಊರು ತನ್ನನ್ನು ತಾನು 'ಸಿಟಿ ಇನ್ ದ ಕಂಟ್ರಿ' ಎಂದು ಕರೆದುಕೊಳ್ಳುತ್ತದೆ. ಕುದುರೆ ಸವಾರಿಗೆಂದೇ ದಾರಿಗಳಿವೆ, ವರ್ಷಕ್ಕೊಮ್ಮೆ ರೋಡಿಯೋ ನಡೆಯುತ್ತದೆ. ಇಲ್ಲಿಗೆ ಬಂದ ಕನ್ನಡಿಗನ ಕಿವಿಗೆ ಕಂಟ್ರಿ ಸಂಗೀತ ಬೀಳುವುದೂ ಹಿಡಿಸುವುದೂ ಸಹಜ. ಕುಡಿತ, ಸಾಲ, ಕೈಕೊಟ್ಟ ಪ್ರೀತಿ, ಬಿಟ್ಟುಬಂದ ಊರು, ಅಮ್ಮ: ಎಲ್ಲ ನಮ್ಮ ಲಾವಣಿಯವರ ಸರಂಜಾಮೇ. ನಾನಂತೂ ಮರ್ಲ್ ಹ್ಯಾಗರ್ಡ್‌ನ ಭಕ್ತ. ನನ್ನ ತಕರಾರು ಇರುವುದು ಗಾಜಿನ ಚೌಕಟ್ಟಿನ ಬಗ್ಗೆ.

ಮೊದಲು ಆ ಗಿಟಾರನ್ನೇ ನೋಡಿ. ಹರಾಜಿಗೆ ಬರುವ ಎಷ್ಟೋ ಗಿಟಾರುಗಳನ್ನು ಹಾಡುಗಾರ ನುಡಿಸುವುದಿರಲಿ, ಮುಟ್ಟಿಯೂ ಇರುವುದಿಲ್ಲ. ಅವನು ಸಹಿ ಮಾಡುವುದು ಪಿಕ್‌ಗಾರ್ಡ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ. ಆ ಹಾಳೆಗಳನ್ನು ಕಟ್ಟುಗಟ್ಟಲೆ ಮುಂದಿಟ್ಟು ರುಜು ಹಾಕಿಸಿಕೊಂಡು, ಆಮೇಲೆ ಅಗ್ಗದ ಗಿಟಾರುಗಳಿಗೆ ಜೋಡಿಸುತ್ತಾರೆ. ಶಾಲೆ, ಸಂಘಗಳ ಸಹಾಯಾರ್ಥ ಹರಾಜಿಗೆ ಇವನ್ನು ಒದಗಿಸುವ ವ್ಯಾಪಾರಿಗಳೇ ಇದ್ದಾರೆ. ಮೂಲಬೆಲೆ ವ್ಯಾಪಾರಿಗೆ, ಅದರ ಮೇಲೆ ಎಷ್ಟು ಕೂಗಿದರೋ ಅಷ್ಟು ಮಾತ್ರ ದಾನಕ್ಕೆ. ಕೊಂಡವನು ಇಡೀ ಮೊತ್ತವನ್ನು ಮಕ್ಕಳಿಗೇ ಕೊಟ್ಟೆನೆಂದು ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತಾನೆ.

'ಸರ್ಟಿಫಿಕೇಟ್ ಇದೆಯಲ್ಲ ಸಾರ್' ಎನ್ನುತ್ತಾರೆ. ಕನ್ನಡದಲ್ಲಿ ರುಜು ಎಂದರೆ ಸಹಿ, ರುಜುವಾತು ಎಂದರೆ ಸಾಕ್ಷ್ಯ. ಸಹಿಯೇ ಸಾಕ್ಷಿಯಾಗಿದ್ದ ಕಾಲದ ಮಾತುಗಳಿವು. ಈಗ ರುಜುವಿಗೇ ಬೇರೊಂದು ರುಜುವಾತು ಬೇಕು, ಆ ರುಜುವಾತಿನ ಕೆಳಗೆ ಇನ್ನೊಬ್ಬನ ರುಜು! ಅದರ ಬೆಲೆ ಎಷ್ಟೆಂಬುದನ್ನು ಪೊವೇಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಲೇಕ್ ಪೊವೇಯಲ್ಲಿ ಪ್ರತಿಮೆಯಾಗಿ ನಿಂತಿರುವ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ಈ ಊರಿನಲ್ಲೇ ಬಾಳಿದವರು. ತೊಂಬತ್ತರ ದಶಕದಲ್ಲಿ ತಮ್ಮದೇ ಪ್ಯಾಡ್ರೆಸ್ ತಂಡದ ಅಂಗಡಿಯಲ್ಲಿ ತಮ್ಮದೇ ಹೆಸರಿನ ಖೋಟಾ ಸಹಿಗಳು ಮಾರಾಟಕ್ಕಿರುವುದನ್ನು ಗುರುತಿಸಿ ದೂರು ಕೊಟ್ಟವರು ಅವರು. ಸ್ಯಾನ್ ಡಿಯೇಗೊದ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ನಡೆಸಿದ ತನಿಖೆ 1999ರ ಅಕ್ಟೋಬರ್‌ನಲ್ಲಿ ದಾಳಿಗಳಾಗಿ ಸ್ಫೋಟಿಸಿತು. ಸಿಕ್ಕಿದ ಮಾಲಿನಲ್ಲಿ ಮದರ್ ತೆರೇಸಾ 'ಸಹಿ' ಮಾಡಿದ ಬೇಸ್‌ಬಾಲ್ ಕೂಡ ಇತ್ತು. ಕೊಲ್ಕತ್ತಾದ ಆ ತಾಯಿ ಬೇಸ್‌ಬಾಲ್ ಹಿಡಿದು ಕೂತದ್ದನ್ನು ಕಲ್ಪಿಸಿಕೊಳ್ಳಿ. ಖೋಟಾ ಮಾಲಿಗೆ ಸರ್ಟಿಫಿಕೇಟಿನ ಕೊರತೆ ಇರಲಿಲ್ಲ. ಅದನ್ನು ಬರೆದುಕೊಡುವವರೂ ಜಾಲದೊಳಗೇ ಇದ್ದರು.

ಕ್ಯಾಲಿಫೋರ್ನಿಯಾದಲ್ಲಿ ಸಹಿಯ ಸರಕಿಗೆ ಕಾನೂನು ತೊಂಬತ್ತರ ದಶಕದ ಆರಂಭದಲ್ಲೇ ಬಂದಿತ್ತು, ಆದರೆ ಕ್ರೀಡೆಗೆ ಮಾತ್ರ. ಹಾಡುಗಾರರ ಗಿಟಾರಿಗೆ ಅದು ಅನ್ವಯವಾದದ್ದು 2017ರ ಜನವರಿಯಿಂದ. ಪುಸ್ತಕದಂಗಡಿಯವರು ಇದು ತಮ್ಮ ಕುತ್ತಿಗೆಗೆ ಬಂತೆಂದು ಕೋರ್ಟಿಗೆ ಹೋದರು. ಅದೇ ವರ್ಷ ತಿದ್ದುಪಡಿಯಾಗಿ ಪುಸ್ತಕಗಳು ಹೊರಗುಳಿದವು. ಕಾನೂನು ಇರಲಿ, ಒಳ್ಳೆಯದೇ. ಆದರೆ ಕಾನೂನು ಕೇಳುವುದು ಕಾಗದವನ್ನು. 2022ರಲ್ಲಿ ಬಾಬ್ ಡಿಲನ್ ಪುಸ್ತಕವೊಂದರ 'ಕೈಸಹಿ' ಪ್ರತಿಗಳನ್ನು 599 ಡಾಲರಿಗೆ ಮಾರಿದಾಗ, ಸಹಿ ಅಸಲಿಯೆಂದು ಪ್ರಕಾಶನ ಸಂಸ್ಥೆಯ ಮುಖ್ಯಸ್ಥರ ಪತ್ರವೇ ಜೊತೆಗಿತ್ತು. ಕೊಂಡವರು ತಮ್ಮ ಪ್ರತಿಗಳನ್ನು ಪರಸ್ಪರ ಹೋಲಿಸಿ ನೋಡಿದರು, ಸಹಿ ಹಾಕಿದ್ದು ಯಂತ್ರವೆಂಬುದು ಬಯಲಾಯಿತು. ಹಣ ವಾಪಸಾಯಿತು, ಡಿಲನ್ ಕ್ಷಮೆ ಕೇಳಿದರು. ಡಿಲನ್ ಪೂರ್ತಿ ಕಂಟ್ರಿಯವರಲ್ಲ ಎಂದು ವಾದಿಸುವವರು 'ನ್ಯಾಶ್‌ವಿಲ್ ಸ್ಕೈಲೈನ್' ಕೇಳಿಬಂದು ವಾದಿಸಲಿ.

ನನ್ನನ್ನು ನಿಜಕ್ಕೂ ಕೆರಳಿಸುವುದು ಮೋಸವಲ್ಲ, ಅಸಲಿ ಸಹಿಗೆ ಈ ಪೇಟೆ ಮಾಡಿರುವ ಅನ್ಯಾಯ. ಹಾಡಿ ಮುಗಿದ ಮೇಲೂ ನಿಂತು, ಸಾಲಿನಲ್ಲಿರುವವರ ಕೈಕುಲುಕಿ, ಸಹಿ ಹಾಕಿ ಕಳಿಸುವುದು ಕಂಟ್ರಿಯವರ ಹಳೆಯ ಮರ್ಯಾದೆ. 1996ರ ಜೂನ್‌ನಲ್ಲಿ ನ್ಯಾಶ್‌ವಿಲ್‌ನ ಫ್ಯಾನ್ ಫೇರ್‌ನಲ್ಲಿ ಗಾರ್ತ್ ಬ್ರೂಕ್ಸ್, ಆ ಹೊತ್ತಿಗೆ ಅಮೆರಿಕದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬ, ಹೇಳದೆ ಕೇಳದೆ ಬಂದು 23 ಗಂಟೆ ನಿಂತು ಸಹಿ ಹಾಕಿದ. ಅಂಥ ಸಹಿಯಲ್ಲಿ ಮೊದಲು ಇರುವುದು ನಿಮ್ಮ ಹೆಸರು, ಆಮೇಲೆ ಅವನದು. ನಮ್ಮ ಕಾಲೇಜಿನ ಬಣ್ಣದ ಹಾಳೆಗಳ ಆಟೊಗ್ರಾಫ್ ಪುಸ್ತಕವೂ ಹಾಗೇ ಇತ್ತು: 'ಪ್ರೀತಿಯ ಇಂಥವಳಿಗೆ' ಎಂದು ಶುರುವಾಗದ ಪುಟವೇ ಇರಲಿಲ್ಲ. ಪೇಟೆಯಲ್ಲಿ ಮಾತ್ರ ಹೆಸರೇ ದೋಷ. 'ನಿಮ್ಮ ಹೆಸರು ಬರೆಸಬೇಡಿ, ರೇಟು ಬಿದ್ದುಹೋಗುತ್ತದೆ' ಎಂದು ಈ ಸೀಮೆಯ ವ್ಯಾಪಾರಿಯೊಬ್ಬ ನನಗೆ ಉಪದೇಶಿಸಿದ. ಯಾರಿಗೂ ಬರೆಯದ ಸಹಿಗೆ ಹೆಚ್ಚು ಬೆಲೆಯಂತೆ! ಮದುವೆ ಕರೆಯೋಲೆಯಲ್ಲಿ ಹೆಣ್ಣಿನ ಹೆಸರು ಖಾಲಿ ಬಿಟ್ಟಂತಾಯಿತು.

ಸತ್ತವರ ಸಹಿ ಬೇಕೆಂದರೆ ಏನು ಮಾಡುವುದು ಎಂಬ ಪ್ರಶ್ನೆ ನ್ಯಾಯವಾದದ್ದು. ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡದ್ದು 1953ರ ಹೊಸವರ್ಷದ ದಿನ, ಆಗ ಅವನಿಗೆ 29 ವರ್ಷ. ಪ್ಯಾಟ್ಸಿ ಕ್ಲೈನ್ 1963ರಲ್ಲಿ ವಿಮಾನ ಬಿದ್ದು ಹೋದಳು. ಅವರ ಸಾಲಿನಲ್ಲಿ ಇನ್ನು ಯಾರೂ ನಿಲ್ಲಲಾರರು. ಅಂಥ ಸಹಿ ಒಂದು ಮನೆತನದಲ್ಲಿ, ಹಳೆಯ ಟಿಕೆಟಿನ ಜೊತೆ, ಅಂದು ಅಲ್ಲಿದ್ದ ಅಜ್ಜಿಯ ಮಾತಿನ ಜೊತೆ ಉಳಿದು ಬಂದಿದ್ದರೆ ಕೈಮುಗಿಯುತ್ತೇನೆ. ಟಿಕೆಟೂ ಇಲ್ಲ, ಅಜ್ಜಿಯೂ ಇಲ್ಲ, ಹೊಳೆಯುವ ಸ್ಟಿಕರ್ ಮಾತ್ರ ಇದೆ ಎಂದರೆ ಅದರಿಂದ ನನಗೇನು?

ಬದುಕಿರುವವರ ಸಹಿಗೆ ಆ ನೆಪವೂ ಇಲ್ಲ. ಪೊವೇಯಿಂದ ಎರಡು ಮೂರು ಗಂಟೆ ಕಾರು ಓಡಿಸಿದರೆ ಇಂಡಿಯೋ. 2007ರಿಂದ ಸ್ಟೇಜ್‌ಕೋಚ್ ಉತ್ಸವ ಅಲ್ಲಿ ನಡೆಯುತ್ತಿದೆ. ಅದು ದುಬಾರಿಯೆನಿಸಿದರೆ ಹತ್ತಿರದ ಬಾರುಗಳಲ್ಲಿ ಇನ್ನೂ ಹೆಸರು ಮಾಡದವರು ಹಾಡುತ್ತಾರೆ, ಮುಗಿದ ಮೇಲೆ ತಮ್ಮ ಸಿ.ಡಿ.ಗಳ ಮೇಜಿನ ಹಿಂದೆ ತಾವೇ ನಿಂತಿರುತ್ತಾರೆ. ನಿಮ್ಮ ಹೆಸರಿನ ಕಾಗುಣಿತ ಕೇಳುತ್ತಾರೆ. 'ವೆಂಕಟೇಶಮೂರ್ತಿ' ಎಂದು ಒಂದೊಂದೇ ಅಕ್ಷರ ಹೇಳಿ ಬರೆಸುವಷ್ಟರಲ್ಲಿ ನಾಲ್ಕು ಮಾತೂ ಆಗುತ್ತವೆ.

ನಮ್ಮ ಸಂಘದ ಮುಂದಿನ ಹರಾಜಿನ ಪಟ್ಟಿಯಲ್ಲಿ ಮತ್ತೊಂದು ಗಿಟಾರಿದೆ. ಕೂಗುವ ಮೊದಲು ಎರಡು ವಿಷಯ ಗಟ್ಟಿಯಾಗಿ ಕೇಳಲಿದ್ದೇನೆ: ಇದರ ಮೂಲಬೆಲೆ ಎಷ್ಟು, ಮತ್ತು ಪಿಕ್‌ಗಾರ್ಡನ್ನು ಗಿಟಾರಿಗೆ ಕೂರಿಸಿದ್ದು ಸಹಿಗೆ ಮೊದಲೋ ಆಮೇಲೋ?