ಹೆಸರಿನ ಅಕ್ಷರವೂ ವೀಸಾದ ಮರು ಅರ್ಜಿಯೂ

ವಿದೇಶದಲ್ಲಿ ಉದ್ಯೋಗಕ್ಕೋ ವ್ಯಾಸಂಗಕ್ಕೋ ದೀರ್ಘಾವಧಿ ವೀಸಾ ಕೋರಿದ ಅರ್ಜಿಯೊಂದು ಹೆಸರಿನ ಒಂದಕ್ಷರದ ವ್ಯತ್ಯಾಸಕ್ಕಾಗಿ ತಿರಸ್ಕೃತವಾಯಿತೆಂದರೆ ನಮ್ಮ ಮನೆಗಳಲ್ಲಿ ಒಲೆ ಉರಿಯದಷ್ಟು ದುಃಖವಾಗುತ್ತದೆ. ತೋಟದ ಮೇಲೆ ಸಾಲ ತೆಗೆದು, ಚಿನ್ನ ಅಡವಿಟ್ಟು ಕಟ್ಟಿದ ಹಣ ಹಿಂದೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹೆದರಿದ ಹುಡುಗ ಏಜೆಂಟನ ಮಾತು ಕೇಳಿ ಎರಡನೆಯ ಅರ್ಜಿಯಲ್ಲಿ ಮಾಡಿಕೊಳ್ಳುವ ಅನಾಹುತ.

ಈ ಅಕ್ಷರದ ತೊಂದರೆ ಅನ್ಯಭಾಷಾ ಆಡಳಿತದಲ್ಲಿ ಬಾಳುವ ಕನ್ನಡಿಗರಿಗೆ ಉಳಿದವರಿಗಿಂತ ಒಂದು ಪಾಲು ಹೆಚ್ಚು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರುವ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಆದೋನಿಯ ಕಡೆಯ ಉರುಕುಂದದಲ್ಲಿ ಈರಣ್ಣಸ್ವಾಮಿಯ ಪ್ರಸಿದ್ಧ ಕ್ಷೇತ್ರವಿದೆ. ಶ್ರಾವಣದಲ್ಲಿ ಕರ್ನಾಟಕದಿಂದಲೂ ಭಕ್ತರು ಅಲ್ಲಿಗೆ ಹೋಗುತ್ತಾರೆ. ಆ ಸೀಮೆಯಲ್ಲಿ ಈರಣ್ಣ ಎಂಬ ಹೆಸರಿಗೆ ಬರವಿಲ್ಲ. ಆದರೆ ಅದನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ಎರಡು ‘ಇ’ ಹಾಕಿ ಬರೆಯುತ್ತಾನೆ, ಇನ್ನೊಬ್ಬ ಒಂದು ‘ಐ’ ಹಾಕುತ್ತಾನೆ, ಮತ್ತೊಬ್ಬ ಮುಂದೊಂದು ‘ವಿ’ ಸೇರಿಸಿ ವೀರಣ್ಣನನ್ನಾಗಿ ಮಾಡುತ್ತಾನೆ. ತೆಲುಗು ಪದ್ಧತಿಯಂತೆ ಮನೆಹೆಸರು ಮುಂದಕ್ಕೆ ಬರುತ್ತದೆ. ಶಾಲೆಯ ಪತ್ರ, ಆಧಾರ್, ಪಾಸ್‌ಪೋರ್ಟ್ ಸೇರಿದಾಗ ಒಬ್ಬನೇ ಮನುಷ್ಯ ಮೂವರಾಗಿರುತ್ತಾನೆ! ನಮ್ಮಲ್ಲಿಯೂ ನಾರಾಯಣ ನಾರಾಯಣನ್ ಆಗುವುದು, ಶಂಕರನ ‘ಶ’ಕಾರ ‘ಸ’ಕಾರವಾಗುವುದು, ಮುಂದಿದ್ದ ಇನಿಶಿಯಲ್ ಹಿಂದಕ್ಕೆ ಹೋಗುವುದು ಹೊಸ ಸಂಗತಿಯೇನಲ್ಲ. ಊರಿನಲ್ಲಿ ಇದು ನಗೆಯ ಮಾತು. ವೀಸಾ ಕಚೇರಿಯಲ್ಲಿ ಅಲ್ಲ. 2022ರ ನವೆಂಬರಿನಲ್ಲಿ ಯುಎಇ ಸರಕಾರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದಾಗ ಗಲ್ಫಿನ ಹಾದಿ ಬಲ್ಲ ನಮ್ಮ ಜಿಲ್ಲೆಯಲ್ಲಿ ಎಷ್ಟು ಗಾಬರಿಯಾಯಿತೆಂಬುದನ್ನು ಓದುಗರು ಮರೆತಿರಲಾರರು. ಬಳಿಕ ಆ ನಿಯಮ ತುಸು ಸಡಿಲವಾಯಿತು.

ತಿರಸ್ಕಾರವೆಂದರೆ ಅಪರಾಧದ ತೀರ್ಪಲ್ಲ. ಮರು ಅರ್ಜಿಗೆ ಸಾಮಾನ್ಯವಾಗಿ ಅವಕಾಶವಿದೆ. ಜರ್ಮನಿಯ ದೂತಾವಾಸಗಳಲ್ಲಿ ತಿರಸ್ಕಾರವನ್ನು ಪತ್ರ ಬರೆದು ಪುನರ್ವಿಮರ್ಶೆಗೆ ಒಳಪಡಿಸುವ ಕ್ರಮವಿತ್ತು. 2025ರ ಜುಲೈ 1ರಿಂದ ಅದನ್ನು ಕೈಬಿಡಲಾಯಿತು. ಅಲ್ಲಿಗೆ ಹೊರಟ ನಮ್ಮ ದಾದಿಯರಿಗೆ, ವಿದ್ಯಾರ್ಥಿಗಳಿಗೆ ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯ. ಬರ್ಲಿನ್ನಿಗೆ ವ್ಯಾಜ್ಯ ಒಯ್ಯುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ? ಆದುದರಿಂದ ಹೊಸ ಅರ್ಜಿಯನ್ನು ಅವಸರಪಡದೆ ಸಿದ್ಧಪಡಿಸಬೇಕು. ತಿರಸ್ಕಾರ ಪತ್ರದಲ್ಲಿ ಕಾಣಿಸಿದ ಕಾರಣವನ್ನು ಓದಿಸಿಕೊಳ್ಳಬೇಕು. ತಪ್ಪು ಜನನ ನೋಂದಣಿಯಲ್ಲಿದೆಯೋ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿದೆಯೋ ನೋಡಿ ಬುಡದಲ್ಲೇ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಬೇಕು. ತಪ್ಪು ಹೇಗಾಯಿತೆಂಬುದನ್ನು ಒಂದು ಪುಟದಲ್ಲಿ ಸರಳವಾಗಿ ಬರೆದು ಹೊಸ ಅರ್ಜಿಗೆ ಲಗತ್ತಿಸುವುದು ಕ್ಷೇಮ.

“ಹೊಸ ಪಾಸ್‌ಪೋರ್ಟ್ ಮಾಡಿಸಿ, ಹಳೆಯ ತಿರಸ್ಕಾರ ಹೇಳಬೇಡಿ” ಎಂದು ಉಪದೇಶಿಸುವ ಏಜೆಂಟರಿದ್ದಾರೆ. ಅವರಿಂದ ದೂರವಿರಬೇಕೆಂದು ನಾವು ಕಟುವಾಗಿಯೇ ಹೇಳುತ್ತೇವೆ. ಬೆರಳಚ್ಚು ಪಡೆಯುವ ದೇಶಗಳಲ್ಲಿ ಹಿಂದಿನ ಅರ್ಜಿ ಅಡಗುವುದಿಲ್ಲ. ಸುಳ್ಳು ಮಾಹಿತಿ ನೀಡಿದವರಿಗೆ ಕೆನಡಾದ ಕಾನೂನು 5 ವರ್ಷ ಬಾಗಿಲು ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ವಂಚನೆಗೆ 10 ವರ್ಷ. ಅಮೆರಿಕದಲ್ಲಿ ಬುದ್ಧಿಪೂರ್ವಕ ಸುಳ್ಳಿಗೆ ಆಜೀವ ನಿಷೇಧವೂ ಬರಬಹುದು. ಗುಮಾಸ್ತನ ಕೈತಪ್ಪನ್ನು ಅರ್ಜಿದಾರನ ವಂಚನೆಯಾಗಿಸಿ, ತನ್ನ ಕಮಿಷನ್ ಎಣಿಸಿಕೊಂಡು ಏಜೆಂಟ್ ಹೊರಟುಹೋಗುತ್ತಾನೆ.

ಆಡಳಿತದ ಹೊಣೆಯೂ ಇಲ್ಲಿದೆ. ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಲು, ಕನ್ನಡದಲ್ಲಿಯೇ ಉತ್ತರ ಪಡೆಯಲು 1969ರ ಕೇರಳ ಆಡಳಿತ ಭಾಷಾ ಶಾಸನ ಅವಕಾಶ ಕೊಟ್ಟಿತ್ತು. ಹಾಗಿದ್ದೂ ಕನ್ನಡ ಬಲ್ಲ ಸಿಬ್ಬಂದಿಗಾಗಿ ಜನ ಕಚೇರಿಯಿಂದ ಕಚೇರಿಗೆ ಅಲೆಯುವುದು ವಿಷಾದನೀಯ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಪಡೆಯಲು ಜನ್ಮದಿನಾಂಕದ ಆಧಾರ ಜನನ ಪ್ರಮಾಣಪತ್ರವೊಂದೇ. ಇಂದು ಪಂಚಾಯತಿನ ನೋಂದಣಿಯಲ್ಲಿ ಬೀಳುವ ಅಕ್ಷರ ಇಪ್ಪತ್ತು ವರ್ಷಗಳ ಬಳಿಕ ಯಾವುದೋ ದೂತಾವಾಸದ ಮೇಜಿನ ಮೇಲೆ ಏಳುತ್ತದೆ. ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು, ಇಂಗ್ಲಿಷಿನ ಕಾಗುಣಿತವನ್ನು ಹೆತ್ತವರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ದಾಖಲಿಸುವ ಕ್ರಮವನ್ನು ಜಿಲ್ಲಾಡಳಿತವು ಎಲ್ಲ ಪಂಚಾಯತುಗಳಲ್ಲಿ ಜಾರಿಗೆ ತರಬೇಕು. ಇದಕ್ಕೆ ಹೊಸ ಕಾನೂನೂ ಬೇಡ, ಹೆಚ್ಚಿನ ಹಣವೂ ಬೇಡ.