ಒಳಗಿನ ತುಂಟನಿಗೊಂದು ತಿಂಗಳು ಕೊಡಿ

30 ದಿನದಲ್ಲಿ ಕಾದಂಬರಿ ಎಂದೊಡನೆ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ‘ಸಾಹಿತ್ಯವೇನು ಓಟದ ಪಂದ್ಯವೇ?’ ಎನ್ನುತ್ತಾರೆ. ಅಲ್ಲ, ಒಪ್ಪಿದೆ. ಆದರೆ ಹತ್ತು ವರ್ಷದಿಂದ ಮೊದಲ ಪುಟವನ್ನೇ ತಿದ್ದುತ್ತಾ ಕೂರುವುದೂ ತಪಸ್ಸಲ್ಲ. ಬಹುಪಾಲು ಅದು ಭಯ.

1999ರಲ್ಲಿ ಕ್ರಿಸ್ ಬೇಟಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ ‘ನ್ಯಾನೊರೈಮೊ’ ಎಂಬ ಕಾದಂಬರಿ ತಿಂಗಳನ್ನು ಶುರುಮಾಡಿದಾಗ ಇದ್ದವರು 21 ಮಂದಿ. ಮರುವರ್ಷದಿಂದ ಅದು ನವೆಂಬರಿನ ಆಚರಣೆಯಾಯಿತು. ಗುರಿ 50,000 ಪದ, ಅಂದರೆ ದಿನಕ್ಕೆ 1,667. ಈ ಅಂಕಿಯನ್ನು ಕಂಡು ನಗುವವರಿಗೆ ಅದರೊಳಗಿನ ಉಪಾಯ ಕಂಡಿಲ್ಲ.

ಬರೆಯುವ ಪ್ರತಿಯೊಬ್ಬರೊಳಗೂ ಇಬ್ಬರಿರುತ್ತಾರೆ. ಒಬ್ಬರು ಕೆಂಪು ಶಾಯಿಯ ಮೇಷ್ಟ್ರು. ವಾಕ್ಯ ಮುಗಿಯುವ ಮೊದಲೇ ಗೀಟು ಎಳೆಯುತ್ತಾರೆ. ಇನ್ನೊಬ್ಬ ತುಂಟ, ಮದುವೆ ಮನೆಗೆ ಸಾಲ ವಸೂಲಿಗೆ ಬಂದವನನ್ನು ಊಟದ ಪಂಕ್ತಿಯಲ್ಲಿ ಕೂರಿಸುತ್ತಾನೆ, ಸತ್ತನೆಂದುಕೊಂಡ ಚಿಕ್ಕಪ್ಪನಿಗೆ ಬಾಗಿಲು ತೆಗೆಯುತ್ತಾನೆ. ಮೇಷ್ಟ್ರು ಎದುರಿಗಿರುವಷ್ಟು ಹೊತ್ತು ತುಂಟ ಬಾಯಿಬಿಡುವುದಿಲ್ಲ. ದಿನಕ್ಕೆ 1,667 ಪದ ಬರೆಯಬೇಕಾದಾಗ ಗೀಟು ಎಳೆಯಲು ಮೇಷ್ಟ್ರಿಗೆ ಪುರುಸೊತ್ತಿರುವುದಿಲ್ಲ. ಅಂಕಿಯ ಕೆಲಸ ಅಷ್ಟೇ.

ಎರಿನ್ ಮಾರ್ಗನ್‌ಸ್ಟರ್ನ್ ಇಂಥದೇ ಒಂದು ನವೆಂಬರಿನಲ್ಲಿ, ಬರೆಯುತ್ತಿದ್ದ ಕಥೆ ಬೇಸರ ಹುಟ್ಟಿಸಿದಾಗ, ಪಾತ್ರಗಳನ್ನು ಸರ್ಕಸ್ಸಿಗೆ ಕಳಿಸಿಬಿಟ್ಟರು. ಅದು ತುಂಟನ ಕೆಲಸ. ಆಮೇಲೆ ವರ್ಷಗಟ್ಟಲೆ ತಿದ್ದಿ ಬರೆದರು. ಅದು ಮೇಷ್ಟ್ರ ಕೆಲಸ. ‘ದಿ ನೈಟ್ ಸರ್ಕಸ್’ 2011ರಲ್ಲಿ ಹೊರಬಂತು. ಅವಸರದಲ್ಲಿ ಹುಟ್ಟಿದ್ದು ಅವಸರದಲ್ಲೇ ಅಚ್ಚಾಗಬೇಕೆಂಬ ನಿಯಮವೇನೂ ಇಲ್ಲ.

ಕೊನೆಗೆ ಈ ತುಂಟನಿಗೆ ದ್ರೋಹ ಬಗೆದದ್ದು ಅವನನ್ನು ಸಾಕಿದ ಸಂಸ್ಥೆಯೇ. ಕೃತಕ ಬುದ್ಧಿಮತ್ತೆಯನ್ನು ಸಾರಾಸಗಟಾಗಿ ಖಂಡಿಸುವುದರಲ್ಲಿ ವರ್ಗತಾರತಮ್ಯದ ಛಾಯೆಯಿದೆ ಎಂದು 2024ರಲ್ಲಿ ಅದು ಹೇಳಿತು. ಡೇನಿಯಲ್ ಹೋಸೆ ಓಲ್ಡರ್ ಅದರ ಲೇಖಕರ ಮಂಡಳಿಯಿಂದ ಹೊರನಡೆದರು. 2025ರ ಮಾರ್ಚಿನಲ್ಲಿ, ಹಣದ ಮುಗ್ಗಟ್ಟಿನ ನಡುವೆ, ಸಂಸ್ಥೆ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಬರೀ ಪದಗಳೇ ಬೇಕಿದ್ದರೆ ಯಂತ್ರ ಗಳಿಗೆಯಲ್ಲಿ 50,000 ಉದುರಿಸೀತು. ಆದರೆ ಹದಿನೇಳನೆಯ ದಿನ, ಕಥೆ ಕೈಕೊಟ್ಟಾಗ, ನಮ್ಮೊಳಗಿಂದ ಎದ್ದುಬರುವ ಆ ಅಪರಿಚಿತನನ್ನು ಯಂತ್ರ ನಮಗೆ ಭೇಟಿ ಮಾಡಿಸಲಾರದು. ಅವನ ಸಲುವಾಗಿಯೇ ಅಲ್ಲವೇ ಇಷ್ಟೆಲ್ಲ ಒದ್ದಾಟ?

ಸಂಸ್ಥೆ ಹೋದರೂ ಕ್ಯಾಲೆಂಡರು ಹೋಗಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಶುರುಮಾಡಿ. ಮೇಷ್ಟ್ರಿಗೆ 30 ದಿನ ರಜೆ ಕೊಡಿ. ಮೂವತ್ತೊಂದನೆಯ ದಿನ ಅವರು ಕೆಂಪು ಶಾಯಿ ಸಮೇತ ಬರಲಿ. ತಿದ್ದಲು ಆಗ ಅವರ ಮುಂದೆ ಒಂದು ಕಾದಂಬರಿಯಾದರೂ ಇರುತ್ತದೆ.